ಒಂದು ಗಿರಣಿ, ಒಂದು ಹುಲ್ಲುಗಾವಲು

ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಗೆಳೆಯ ಫೋನ್ ಮಾಡಿದಾಗ ಹಿಂದೆ ಪಟಾಕಿ ಸದ್ದು. "ಜುಲೈ 4 ಮುಗಿದು ಮೂರು ವಾರ ಆಯ್ತಲ್ಲೋ" ಅಂದೆ. "ಇಲ್ಲಿ 24ಕ್ಕೂ ಹಬ್ಬ ಮಾರಾಯ, ಪಯೋನಿಯರ್ ಡೇ" ಅಂದ. 1847ರಲ್ಲಿ ಆ ದಿನ ಬ್ರಿಗಮ್ ಯಂಗ್ ಅನ್ನುವ ಮುಂದಾಳು ಮಾರ್ಮನ್ನರ, ಅಂದರೆ ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಥದವರ, ಮೊದಲ ತಂಡದ ಜೊತೆ ಆ ಕಣಿವೆಗೆ ಬಂದಿಳಿದ. ಅದರ ನೆನಪಿಗೆ ಮೆರವಣಿಗೆ, ರಜೆ. ಆ ಕಣಿವೆಯಲ್ಲಿ ಮೊದಲೇ ಓಡಾಡಿಕೊಂಡಿದ್ದ ಯೂಟ್, ಶೋಶೋನಿ ಜನಕ್ಕೆ ಇದೆಂಥ ಹಬ್ಬ ಅನ್ನೋದು ಬೇರೆ ಮಾತು.

ಅಷ್ಟು ದೂರ, ಮರುಭೂಮಿಯ ಅಂಚಿಗೆ, ಯಾರೂ ಸುಮ್ನೆ ಹೋಗಲ್ಲ ಅಲ್ವಾ? ಇವರನ್ನು ಓಡಿಸಿದ್ದರು. ಅದೂ ಒಂದು ಸಲ ಅಲ್ಲ.

ಜೋಸೆಫ್ ಸ್ಮಿತ್ ನ್ಯೂಯಾರ್ಕ್‌ನಲ್ಲಿ 1830ರಲ್ಲಿ ಈ ಮಾರ್ಮನ್ ಪಂಥ ಕಟ್ಟಿದ. ಮರುವರ್ಷವೇ ಅವನ ಜನ ಮಿಸೌರಿಗೆ ಬರತೊಡಗಿದರು. ಗುಂಪಾಗಿ ಬಂದರು, ಗುಂಪಾಗಿ ಜಮೀನು ಕೊಂಡರು, ಗುಂಪಾಗಿ ಓಟು ಹಾಕಿದರು. ಜೊತೆಗೆ "ಈ ನೆಲ ದೇವರು ನಮಗೇ ಕೊಟ್ಟಿದ್ದು" ಅನ್ನುವ ಮಾತು ಬೇರೆ. ಮೊದಲಿಂದ ಇದ್ದವರಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಮಿಸೌರಿ ಗುಲಾಮಗಿರಿಯ ರಾಜ್ಯ. ಇವರು ಗುಲಾಮರಲ್ಲದ ಸ್ವತಂತ್ರ ಕರಿಯರನ್ನು ಕರೆಸಿಕೊಳ್ಳುತ್ತಾರೆ ಅನ್ನುವ ಗುಮಾನಿಯೂ ಸೇರಿಕೊಂಡಿತು. 1833ರಲ್ಲಿ ಇಂಡಿಪೆಂಡೆನ್ಸ್ ಊರಿನ ಇವರ ಅಚ್ಚುಕೂಟವನ್ನು ಕೆಡವಿದರು. ಆಮೇಲೆ ಆ ಕೌಂಟಿಯಿಂದಲೇ ಎಬ್ಬಿಸಿದರು.

1838ರಲ್ಲಿ ಎರಡೂ ಕಡೆಯವರು ಬಂದೂಕು ಹಿಡಿದಿದ್ದರು. ಮಾರ್ಮನ್ನರೇನು ಸುಮ್ಮನೆ ಕೂತಿರಲಿಲ್ಲ. ಅವರೂ ಮನೆ ಸುಟ್ಟಿದ್ದಾರೆ. ಆದರೆ ಅಕ್ಟೋಬರ್ 27ರಂದು ಗವರ್ನರ್ ಲಿಲ್‌ಬರ್ನ್ ಬಾಗ್ಸ್ ಹೊರಡಿಸಿದ ಆದೇಶ ನೋಡಿ: ಮಾರ್ಮನ್ನರನ್ನು ಶತ್ರುಗಳೆಂದೇ ಕಾಣಬೇಕು, ನಿರ್ನಾಮ ಮಾಡಬೇಕು ಅಥವಾ ರಾಜ್ಯದಿಂದ ಓಡಿಸಬೇಕು. ಬೀದಿಯ ಪುಂಡ ಆಡಿದ ಮಾತಲ್ಲ ಇದು, ಸರ್ಕಾರದ ಕಾಗದ. ಇದನ್ನು ಅಧಿಕೃತವಾಗಿ ರದ್ದು ಮಾಡಿದ್ದು ಯಾವಾಗ ಗೊತ್ತಾ? 1976ರಲ್ಲಿ!

ಮೂರನೇ ದಿನ ಹಾನ್ಸ್ ಮಿಲ್ ಅನ್ನುವ ಮಾರ್ಮನ್ನರ ಪುಟ್ಟ ಹಳ್ಳಿಗೆ ಮಿಸೌರಿಯ ಇನ್ನೂರಕ್ಕೂ ಜಾಸ್ತಿ ಕುದುರೆ ಸವಾರರು ನುಗ್ಗಿದರು. ಅವರ ಕೈಗೆ ಆ ಕಾಗದ ಮುಟ್ಟಿತ್ತು ಅನ್ನೋಕೆ ಆಧಾರವಿಲ್ಲ. ಬೇಕಾಗಿಯೂ ಇರಲಿಲ್ಲ ಬಿಡಿ. ಹೆಂಗಸರು ಕಾಡಿಗೆ ಓಡಿದರು. ಗಂಡಸರು ಕುಲುಮೆಯೊಳಗೆ ಸೇರಿಕೊಂಡರು. ಮರದ ದಿಮ್ಮಿಯ ಗೋಡೆ, ನಡುನಡುವೆ ದೊಡ್ಡ ಸಂದು. ಆ ಸಂದಿಗೇ ಬಂದೂಕಿನ ಮೂತಿ ಇಟ್ಟು ಹೊಡೆದರು. ತಿದಿಯ ಕೆಳಗೆ ಹತ್ತು ವರ್ಷದ ಹುಡುಗ ಸಾರ್ಡಿಯಸ್ ಸ್ಮಿತ್ ಅವಿತಿದ್ದ. ಅವನನ್ನು ಹೊರಗೆಳೆದು ತಲೆಗೆ ಗುಂಡಿಟ್ಟರು. "ಸೀರು ಬಿಟ್ಟರೆ ಹೇನಾಗುತ್ತೆ" ಅಂತ ಒಬ್ಬ ಸಮಜಾಯಿಷಿ ಕೊಟ್ಟನಂತೆ. ಸತ್ತವರು 17 ಜನ. ಬದುಕುಳಿದವರಿಗೆ ಗುಂಡಿ ತೋಡಲು ಕೂಡ ಪುರುಸೊತ್ತಿಲ್ಲ. ಅರ್ಧ ತೋಡಿದ್ದ ಬಾವಿಯೊಂದಕ್ಕೆ ಹೆಣಗಳನ್ನು ಜಾರಿಸಿ ಮಣ್ಣು ಮುಚ್ಚಿದರು.

ಆ ಚಳಿಗಾಲ, ವಸಂತದಲ್ಲಿ ಸಾವಿರಾರು ಜನ ಇಲಿನಾಯ್‌ಗೆ ಗುಳೆ ಹೋದರು. ಅಲ್ಲಿ ನೌವೂ ಅನ್ನುವ ಊರು ಕಟ್ಟಿದರು. 1844ರಲ್ಲಿ ಕಾರ್ಥೇಜ್ ಜೈಲಿಗೆ ನುಗ್ಗಿದ ಗುಂಪು ಜೋಸೆಫ್ ಸ್ಮಿತ್‌ನನ್ನೂ ಅವನ ಅಣ್ಣ ಹೈರಮ್‌ನನ್ನೂ ಕೊಂದಿತು. ಮತ್ತೆ ಗಂಟುಮೂಟೆ. 1846ರಲ್ಲಿ ಮಿಸಿಸಿಪಿ ದಾಟಿ ಹೊರಟವರೇ ಯೂಟಾ ಮುಟ್ಟಿದ್ದು.

ಇಲ್ಲಿವರೆಗೆ ಎಲ್ಲರೂ ಹೇಳ್ತಾರೆ. ನನ್ನ ತಕರಾರು ಇರೋದು ಇಲ್ಲಿಗೇ ಕಥೆ ನಿಲ್ಲಿಸೋದರ ಬಗ್ಗೆ.

ಹಾನ್ಸ್ ಮಿಲ್ ಆಗಿ 19 ವರ್ಷಕ್ಕೆ, 1857ರ ಸೆಪ್ಟೆಂಬರ್‌ನಲ್ಲಿ, ಅರ್ಕನ್ಸಾದಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ಗಾಡಿಗಳ ತಂಡವೊಂದು ದಕ್ಷಿಣ ಯೂಟಾದ ಮೌಂಟನ್ ಮೆಡೋಸ್ ಅನ್ನುವ ಹುಲ್ಲುಗಾವಲಲ್ಲಿ ಬೀಡುಬಿಟ್ಟಿತ್ತು. ಅಮೆರಿಕದ ಸೈನ್ಯ ಯೂಟಾ ಕಡೆ ಬರುತ್ತಿದ್ದ ಸಮಯ. ಮತ್ತೆ ಮಿಸೌರಿಯೇ ಆಗುತ್ತೆ ಅನ್ನುವ ಭಯ ಮಾರ್ಮನ್ನರಿಗೆ. ಭಯ ಅರ್ಥವಾಗುತ್ತೆ. ಮುಂದೆ ಮಾಡಿದ್ದು ಅರ್ಥವಾಗಲ್ಲ. ನಾಲ್ಕು ದಿನ ಮುತ್ತಿಗೆ ಹಾಕಿದ ಮೇಲೆ ಮಾರ್ಮನ್ನರ ಮುಂದಾಳು ಜಾನ್ ಡಿ. ಲೀ ಬಿಳಿ ಬಾವುಟ ಹಿಡಿದು ಬಂದ. ಬಂದೂಕು ಕೊಡಿ, ಕಾವಲಲ್ಲಿ ಕರೆದೊಯ್ಯುತ್ತೇವೆ ಅಂದ. ನಂಬಿದರು. ಒಂದಷ್ಟು ದೂರ ನಡೆಸಿ, ಒಂದು ಕೂಗು, ಪಕ್ಕದಲ್ಲೇ ನಡೆಯುತ್ತಿದ್ದ ಕಾವಲಿನವರೇ ಗುಂಡು ಹಾರಿಸಿದರು. ಸುಮಾರು 120 ಜನ ಸತ್ತರು. ಉಳಿಸಿದ್ದು 17 ಮಕ್ಕಳನ್ನು, ನಡೆದದ್ದನ್ನು ಹೇಳಲು ಬಾರದಷ್ಟು ಚಿಕ್ಕವರು ಅಂತ. ತಪ್ಪನ್ನು ಅಲ್ಲಿನ ಮೂಲನಿವಾಸಿ ಪಯೂಟ್ ಜನರ ತಲೆಗೆ ಕಟ್ಟಿದರು. ಶಿಕ್ಷೆಯಾದದ್ದು ಲೀ ಒಬ್ಬನಿಗೆ, ಅದೂ 20 ವರ್ಷ ಕಳೆದ ಮೇಲೆ.

ಮಿಸೌರಿಯಲ್ಲಿ ಪೆಟ್ಟು ತಿಂದವರು ಅಂತ ಇದನ್ನು ಮನ್ನಿಸೋಕೆ ನನಗಾಗಲ್ಲ. ಇದನ್ನು ತೋರಿಸಿ ಹಾನ್ಸ್ ಮಿಲ್ಲನ್ನು ಸಣ್ಣದು ಮಾಡುವವರನ್ನೂ ಸಹಿಸೋಕಾಗಲ್ಲ. 1838ರಲ್ಲೇ ಒಬ್ಬ ಅಲೆಕ್ಸಾಂಡರ್ ಡೋನಿಫನ್ ಇದ್ದ, ಮಿಸೌರಿ ಸೇನೆಯವನೇ. ಜೋಸೆಫ್ ಸ್ಮಿತ್‌ಗೆ ಗುಂಡಿಕ್ಕು ಅಂತ ಮೇಲಿನವರು ಅಪ್ಪಣೆ ಮಾಡಿದರೆ, ಇದು ಕೊಲೆ, ನಾನು ಮಾಡಲ್ಲ ಅಂದುಬಿಟ್ಟ. ಹುಲ್ಲುಗಾವಲಲ್ಲಿ ಅಂಥವನೊಬ್ಬ ಇದ್ದಿದ್ದರೆ ಅಂತ ಅನಿಸುತ್ತೆ.

ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. "ಅದೇ ದಕ್ಷಿಣ ಯೂಟಾದ ಝಯಾನ್ ಪಾರ್ಕಿಗೆ ನಾಲ್ಕು ಸಲ ಹೋಗಿದೀವಿ ಕಣೋ, ಇದು ಗೊತ್ತೇ ಇರಲಿಲ್ಲ" ಅಂದ. ಮುಂದಿನ ಸಲ ದಾರಿ ಬದಲಿಸಿ ಆ ಹುಲ್ಲುಗಾವಲ ಕಡೆ ಹೋಗಿಬಂದ. ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ. ಒಣಗಿದ ಹುಲ್ಲು, ಕಲ್ಲು ಒಟ್ಟಿದ ಒಂದು ಗುಡ್ಡೆ. ಕೆಳಗೆ ಬರೆದಿದ್ದ: "ಪಾರ್ಕಿಂಗ್‌ನಲ್ಲಿ ಒಂದೇ ಕಾರು. ನಮ್ದು."