ಬುಡದಲ್ಲಿ ಬರೆದ ಹೆಸರು

ಹೋದ ಭಾನುವಾರ ಮಗಳನ್ನು ಕರೆದುಕೊಂಡು ನಾರುಕೊಗೆ ಹೋಗಿದ್ದೆ. ನಾವಿರುವ ಜಪಾನಿನ ಸೆಂದಾಯಿ ನಗರದಿಂದ ಬುಲೆಟ್ ರೈಲಿನಲ್ಲಿ ಫುರುಕಾವಾ, ಅಲ್ಲಿಂದ ಗದ್ದೆಗಳ ನಡುವೆ ನಿಧಾನವಾಗಿ ಸಾಗುವ ಇನ್ನೊಂದು ಪುಟ್ಟ ರೈಲು. ನಾರುಕೊ ಬಿಸಿನೀರಿನ ಬುಗ್ಗೆಗಳ ಊರು, ಕೊಕೆಶಿ ಬೊಂಬೆಗಳ ಊರು. ಕೈಕಾಲಿಲ್ಲದ, ಗುಂಡು ತಲೆಯ ಮರದ ಬೊಂಬೆ ಅದು. ಈ ಊರಿನ ಕೊಕೆಶಿಯ ತಲೆ ತಿರುಗಿಸಿದರೆ ಕೀಚ್ ಎಂದು ಸದ್ದು ಬರುತ್ತದೆ. ಮಗಳು ಅದನ್ನು ಬಿಡದೆ ತಿರುಗಿಸುತ್ತಿದ್ದಳು. ನಾನು ಬೆಲೆ ನೋಡೋಣವೆಂದು ಬೊಂಬೆಯನ್ನು ಬುಡಮೇಲು ಮಾಡಿದೆ. ಬುಡದಲ್ಲಿ ಕುಂಚದಿಂದ ಬರೆದ ಕಪ್ಪು ಅಕ್ಷರಗಳಿದ್ದವು.

ಅಂಗಡಿಯ ಮುಂಭಾಗದಲ್ಲೇ ಮರವನ್ನು ತಿರುಗಿಸಿ ಕಡೆಯುವ ಲೇತ್ ಹಾಕಿಕೊಂಡು ಕೂತಿದ್ದವರನ್ನು ಕೇಳಿದೆ. "ಇದು ನಮ್ಮ ತಾತ ಮಾಡುತ್ತಿದ್ದ ಬಗೆ. ಈ ಕಡೆ ಇರುವುದು ಅವರ ಹೆಸರು, ಆ ಕಡೆ ನನ್ನದು" ಎಂದರು. ಅಷ್ಟು ಹೇಳಿ ಮತ್ತೆ ಕೆಲಸಕ್ಕೆ ಬಾಗಿದರು. ಮರದ ಹೊಟ್ಟು ಅವರ ಮೊಣಕಾಲಿನ ಮೇಲೆ ಬೀಳುತ್ತಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ನನ್ನ ತಾತನೂ ಹೀಗೇ ಕೂರುತ್ತಿದ್ದರು, ಚನ್ನಪಟ್ಟಣದಲ್ಲಿ. ಮೊದಲು ಬಿಲ್ಲು ಎಳೆದು ತಿರುಗಿಸುವ ಕೈ ಲೇತ್, ಆಮೇಲೆ ಕರೆಂಟಿನದು. ಒಣಗಿಸಿದ ಹಾಲೆ ಮರದ ತುಂಡನ್ನು ಸಿಕ್ಕಿಸಿ, ಉಳಿ ಹಿಡಿದು ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತುತ್ತಿದ್ದರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಬಣ್ಣ ಹತ್ತುತ್ತಿತ್ತು. ಕೊನೆಗೆ ತಾಳೆಗರಿ ಹಿಡಿದರೆ ಕನ್ನಡಿಯಂಥ ಹೊಳಪು. ಬೊಂಬೆಯನ್ನು ಲೇತಿನಿಂದ ಬಿಡಿಸಿದ ಮೇಲೆ ತಾತ ಒಂದು ಕೆಲಸ ತಪ್ಪದೆ ಮಾಡುತ್ತಿದ್ದರು. ಅದನ್ನು ತಮ್ಮ ಕೆನ್ನೆಯ ಮೇಲೆ ಮೆಲ್ಲಗೆ ಉರುಳಿಸುತ್ತಿದ್ದರು. "ಕೈ ಜಡ್ಡುಗಟ್ಟಿದೆ, ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಇದು ಮಗುವಿನ ಬಾಯಿಗೆ ಹೋಗುವ ಸಾಮಾನು" ಎನ್ನುತ್ತಿದ್ದರು. ನಾವು ಏಳು ಜನ ಮೊಮ್ಮಕ್ಕಳು. ಏಳು ಜನರಿಗೂ ಹೆಸರಿಡುವ ದಿನಕ್ಕೆ ಒಂದೊಂದು ಗಿಲಕಿ, ಹೆಜ್ಜೆ ಇಡುವ ಹೊತ್ತಿಗೆ ಒಂದೊಂದು ನಡೆಯುವ ಗಾಡಿ. ಎಷ್ಟೇ ಆರ್ಡರ್ ಇದ್ದರೂ ಅದು ತಪ್ಪಲಿಲ್ಲ.

ಅಂಥ ಮನುಷ್ಯ ತೀರಿಕೊಂಡಾಗ ನಾವು ಅಚ್ಚು ಹಾಕಿಸಿದ ವೈಕುಂಠ ಸಮಾರಾಧನೆಯ ಕಾರ್ಡು ನನ್ನ ಬಳಿ ಇನ್ನೂ ಇದೆ. ಮೊನ್ನೆ ರಾತ್ರಿ ಅದನ್ನು ತೆಗೆದು ನೋಡಿದೆ. ದೊಡ್ಡಪ್ಪನ ಹೆಸರಿನ ಮುಂದೆ ಬ್ಯಾಂಕು, ಅಪ್ಪನ ಹೆಸರಿನ ಮುಂದೆ ಇಲಾಖೆ, ಅಳಿಯನ ಹೆಸರಿನ ಮುಂದೆ ಕಂಪನಿ. ತಾತನ ಹೆಸರಿನ ಮುಂದೆ ಏನೂ ಇಲ್ಲ. ಐವತ್ತು ವರ್ಷ ಮರ ಕಡೆದವರೆಂದು ಒಂದು ಸಾಲು ಸೇರಿಸಲು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ನನಗೂ ತೋಚಲಿಲ್ಲ. ಓದಿ ನೌಕರಿ ಹಿಡಿದವರಿಗೆ ಆ ಹೊಟ್ಟಿನ ಧೂಳು ಒರೆಸಿಕೊಳ್ಳುವ ಅವಸರವಿತ್ತು ಎಂದೇ ನನಗನ್ನಿಸುತ್ತದೆ, ಮತ್ತು ಅದು ನನಗೆ ನೋವು ಕೊಡುತ್ತದೆ.

ನಮ್ಮ ಊರಿನ ಕಸುಬಿಗೂ ಜಪಾನಿಗೂ ಹಳೆಯ ನಂಟಿದೆ. ಬಾವಾಸ್ ಮಿಯಾನ್ ಅವರು ಜಪಾನಿನ ಕೆಲಸದ ರೀತಿಯನ್ನು ಊರಿಗೆ ತಂದು ಕಲಿಸಿದರೆಂದು ತಾತ ಗೌರವದಿಂದ ಹೇಳುತ್ತಿದ್ದರು. ಆ ಒಂದು ಹೆಸರು ಉಳಿದಿದೆ. ಅವರ ನಂತರ ಕಡೆದವರೆಲ್ಲ ಎಲ್ಲಿ ಹೋದರು? ಬೊಂಬೆಗೆ ಇದು ಈ ಊರಿನದೇ ಎಂದು ಗುರುತಿಸುವ ಭೌಗೋಳಿಕ ಸೂಚಿಯ ಮಾನ್ಯತೆ ಬಂತು, ಊರಿನ ಹೆಸರು ದೇಶ ದಾಟಿತು. ಒಳ್ಳೆಯದೇ. ಆದರೆ ಊರೊಂದು ಲೇತ್ ಮುಂದೆ ಕೂರುವುದಿಲ್ಲ, ಮನುಷ್ಯ ಕೂರುತ್ತಾನೆ. ಪೆಟ್ಟಿಗೆಯ ಮೇಲೆ ಅಂಗಡಿಯ ಹೆಸರು ಅಚ್ಚಾಗುತ್ತದೆ, ಬೊಂಬೆಯ ಬುಡ ಮಾತ್ರ ಖಾಲಿ. ನಾರುಕೊದ ಆ ಬೊಂಬೆ ಕೊಂಡವನಿಗೆ ಅದನ್ನು ಮಾಡಿದವರ ಹೆಸರು, ಅವರ ತಾತನ ಹೆಸರು ಎರಡೂ ಗೊತ್ತಾಗುತ್ತವೆ. ನಮ್ಮವರು ಇದನ್ನು ಕಲಿಯಲೇಬೇಕು ಎಂದು ಹಟ ಹಿಡಿದವನಂತೆ ಆ ರಾತ್ರಿಯೇ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. ನಮ್ಮ ಮನೆಯಲ್ಲಿ ಈಗಲೂ ಲೇತ್ ಮುಂದೆ ಕೂರುವವನು ಅವನೊಬ್ಬನೇ.

ಅವನು ಪೂರ್ತಿ ಕೇಳಿಸಿಕೊಂಡ. "ಅಣ್ಣ, ನನಗೆ ಡಜನ್ ಲೆಕ್ಕದಲ್ಲಿ ಕೊಡುತ್ತಾರೆ. ಹೆಸರು ಬರೆಯುವ ಹೊತ್ತಿಗೆ ಕಾಸು ಯಾರು ಕೊಡುತ್ತಾರೆ?" ಎಂದ. 2023ರಲ್ಲಿ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋದ ಮೇಲೆ ರಸ್ತೆಬದಿಯ ಅಂಗಡಿಗಳ ಮುಂದೆ ಕಾರುಗಳು ನಿಲ್ಲುವುದು ಕಡಿಮೆಯಾಗಿದೆ ಎಂದ. ನನ್ನ ಬಳಿ ಉತ್ತರವಿರಲಿಲ್ಲ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಹಳೆಯ ಕಾಲದ ಕೊಕೆಶಿಗಳ ಬುಡದಲ್ಲೂ ಹೆಸರಿರಲಿಲ್ಲವಂತೆ. ಅವು ಮಕ್ಕಳ ಆಟಿಕೆಗಳಾಗಿದ್ದಾಗ ಯಾರೂ ಬರೆಯುತ್ತಿರಲಿಲ್ಲ. ದೊಡ್ಡವರು ಅವನ್ನು ಸಂಗ್ರಹಿಸತೊಡಗಿದ ಮೇಲೆ ಹೆಸರು ಬಂದದ್ದು. ಈಗ ಅವು ಗಾಜಿನ ಕಪಾಟಿನಲ್ಲಿವೆ. ತಾತನ ಗಿಲಕಿ ಕಪಾಟು ಕಂಡದ್ದೇ ಇಲ್ಲ. ಅದರ ಹಿಡಿಯ ಮೇಲೆ ನನ್ನ ಹಲ್ಲಿನ ಗುರುತುಗಳಿವೆ, ಪಕ್ಕದಲ್ಲಿ ನನ್ನ ಮಗಳವು. ತಾತನಿಗೆ ಇದೇ ಸಾಕಾಗಿತ್ತೇನೋ. ನನಗೆ ಸಾಲದು.

ನಾಲ್ಕು ದಿನ ಬಿಟ್ಟು ಚಿಕ್ಕಪ್ಪನ ಮಗನೇ ಫೋನ್ ಮಾಡಿದ. ಅವನ ಹೆಂಡತಿಯ ತಂಗಿಗೆ ಹೆರಿಗೆಯಾಗಿದೆ, ಮಗುವಿಗೆಂದು ಗಿಲಕಿ ಕಡೆಯುತ್ತಿದ್ದಾನೆ, ತಾತನ ಅಳತೆಯದೇ.

"ಅಣ್ಣ, ಇದಕ್ಕೆ ಬರೆಯೋಣ ಎಂದುಕೊಂಡಿದ್ದೇನೆ. ತಾತನ ಹೆಸರೋ, ನನ್ನದೋ?"

"ಎರಡೂ ಬರೆ" ಎಂದೆ. "ತಾತನದು ಮೊದಲು."