ಪ್ರಶಾಂತ ಬಡಾವಣೆಯಲ್ಲಿ ನಾಲ್ಕು ರಾತ್ರಿ

ಊರು ನೋಡಲು ಹೋಗುವವರಿಗೆ ಈಗೀಗ ಊರಿನ ನಡುವೆ ಉಳಿದುಕೊಳ್ಳುವುದು ಅವಮಾನವೆನಿಸುತ್ತದೆ. ಅಲ್ಲಿನ ಗೋಪುರ, ವಸ್ತುಸಂಗ್ರಹಾಲಯ, ನಡುರಾತ್ರಿಯವರೆಗೂ ದೀಪ ಆರದ ಬೀದಿ ಎಲ್ಲವೂ ಅವರಿಗೆ ಬೇಕು. ಆದರೆ ದಿಂಬಿಗೆ ತಲೆ ಕೊಡಲು ಮಾತ್ರ ಪ್ರವಾಸಿಗರ ನೆರಳೂ ಬೀಳದ, ಆ ಊರಿನವರು ತಮ್ಮ ಮಕ್ಕಳನ್ನು ತಟ್ಟಿ ಮಲಗಿಸುವ ಬೀದಿಯೇ ಆಗಬೇಕು. ಅಂಥ ಬೀದಿಯನ್ನು ಪತ್ತೆಹಚ್ಚಿದವನು ತಾನೊಬ್ಬನೇ ಎಂಬ ನಂಬಿಕೆ ಪ್ರತಿಯೊಬ್ಬ ಪ್ರವಾಸಿಗನಿಗೂ ಇರುತ್ತದೆ. ನನಗೂ ಇತ್ತು.

ಬಾಡಿಗೆ ಮನೆಗಳ ಜಾಹೀರಾತನ್ನು ಓದುವುದೇ ಒಂದು ವಿದ್ಯೆ. ‘ಪ್ರಶಾಂತ ವಸತಿ ಬಡಾವಣೆ, ರೈಲು ನಿಲ್ದಾಣ ಕೂಗಳತೆಯ ದೂರ’ ಎಂದು ಬರೆದಿದ್ದರೆ ಕೂಗುವವರು ಯಾರೆಂದು ವಿಚಾರಿಸಬೇಕು; ನಾನು ವಿಚಾರಿಸಲಿಲ್ಲ, ಕೂಗುವುದು ರೈಲು. ‘ಲವಲವಿಕೆಯ ಪರಿಸರ’ ಎಂದರೆ ಕೆಳಗಿನ ಅಂತಸ್ತಿನಲ್ಲಿ ಬಾರ್ ಇದೆ ಎಂದರ್ಥ. ‘ಬೆಳೆಯುತ್ತಿರುವ ಪ್ರದೇಶ’ ಎಂದರೆ ಪಕ್ಕದ ನಿವೇಶನದಲ್ಲಿ ಬೆಳಿಗ್ಗೆ ಏಳಕ್ಕೇ ಕಾಂಕ್ರೀಟ್ ಕಲಸುವ ಯಂತ್ರ ಶುರುವಾಗುತ್ತದೆ. ಒಳ್ಳೆಯ ನಿದ್ರೆಗೆ ಮಲಗುವ ಕೋಣೆಯೊಳಗಿನ ಎಡೆಬಿಡದ ಸದ್ದು 30 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆಯಾದರೂ, ಟಿವಿಯ ಅಗಲವನ್ನು ಇಂಚಿನ ಲೆಕ್ಕದಲ್ಲಿ ತಿಳಿಸುವ ಯಾವ ಮಾಲೀಕನೂ ತನ್ನ ಮನೆಯ ಶಾಂತಿಯನ್ನು ಅಳೆದು ತಿಳಿಸಿದ್ದನ್ನು ನಾನು ಕಂಡಿಲ್ಲ. ಅದರ ಬದಲು ಕಿಟಕಿಯ ಫೋಟೊ ಹಾಕಿರುತ್ತಾರೆ, ಆ ಕಿಟಕಿ ಸದಾ ಮುಚ್ಚಿರುತ್ತದೆ. ನಾನು ಆರಿಸಿದ ಮನೆಯ ಸೌಲಭ್ಯಗಳ ಪಟ್ಟಿಯಲ್ಲಿ ಹತ್ತಿಯ ಟವೆಲ್ಲು, ಬಿಸಿನೀರುಗಳ ಜೊತೆಗೆ ಕಿವಿಗೆ ತುರುಕಿಕೊಳ್ಳುವ ಬಿರಡೆಗಳೂ ಇದ್ದವು. ಎಂಥ ಸತ್ಕಾರ ಎಂದುಕೊಂಡೆ.

ಆ ಬೀದಿಯನ್ನು ನಾನು ಮುಟ್ಟಿದ್ದು ರಾತ್ರಿ ಒಂದೂಕಾಲಕ್ಕೆ. ನನ್ನ ಸೂಟ್‌ಕೇಸಿಗೆ ನಾಲ್ಕು ಗಟ್ಟಿ ಪ್ಲಾಸ್ಟಿಕ್ ಚಕ್ರಗಳು, ಬೀದಿಗೆ ಕಲ್ಲುಹಾಸು. 2014ರಲ್ಲಿ ವೆನಿಸ್ ನಗರಾಡಳಿತವು ಇಂಥ ಗಡುಸು ಚಕ್ರಗಳ ಮೇಲೆ ದಂಡ ಹಾಕುವ ಮಾತೆತ್ತಿದಾಗ ನಕ್ಕವರಲ್ಲಿ ನಾನೂ ಒಬ್ಬ. ಆ ರಾತ್ರಿ ಇನ್ನೂರು ಹೆಜ್ಜೆ ದೂರವನ್ನು ಗಡಗಡ ಗುಡುಗಿಸಿಕೊಂಡು ಹೋಗುವಾಗ ಒಂದೊಂದಾಗಿ ಹೊತ್ತಿಕೊಂಡ ಕಿಟಕಿಗಳು ನನ್ನ ಸ್ವಾಗತಕ್ಕೆ ಹೊತ್ತಿದವಲ್ಲ ಎಂಬುದು ನನಗೂ ಗೊತ್ತಾಯಿತು. ಬಾಗಿಲ ಸರಳಿಗೆ, ಬಾಡಿಗೆಗೆ ಬರುವವರಿಗೆಂದು ಕೀಲಿಕೈ ಇಟ್ಟ ಏಳು ಬೀಗದ ಡಬ್ಬಿಗಳು ನೇತಾಡುತ್ತಿದ್ದವು. ಯಾವುದು ನನ್ನದೆಂದು ತಿಳಿಯದೆ ಒಂದೊಂದಕ್ಕೂ ನಾಲ್ಕಂಕಿಯ ಸಂಖ್ಯೆ ತಿರುಗಿಸಿ, ತೆರೆಯದಿದ್ದಾಗ ತಟ್ಟಿ, ಕೊನೆಗೆ ಫೋನಿನಲ್ಲಿ ಗಟ್ಟಿ ಧ್ವನಿಯಲ್ಲಿ ವಿಚಾರಿಸಿ, ಅಂತೂ ಪ್ರಶಾಂತತೆಯೊಳಗೆ ಪ್ರವೇಶ ಪಡೆದೆ.

ಶಾಂತಿಯನ್ನು ಉಳಿಸಿಕೊಳ್ಳಲು ನಗರಗಳು ಪಡುತ್ತಿರುವ ಪಾಡು ಇದಕ್ಕಿಂತ ಸೊಗಸಾಗಿದೆ. ದಕ್ಷಿಣ ಕೊರಿಯಾದ ಸೋಲ್ ನಗರದ ಬುಕ್‌ಚೋನ್‌ನಲ್ಲಿ ಸಾಂಪ್ರದಾಯಿಕ ಮನೆಗಳ ಇಕ್ಕಟ್ಟಾದ ಓಣಿಗಳಿವೆ, ಅವುಗಳಲ್ಲಿ ಇಂದಿಗೂ ಜನ ವಾಸವಿದ್ದಾರೆ. ಸದ್ದು ಮಾಡಬೇಡಿರೆಂಬ ಫಲಕಗಳನ್ನು ಅಲ್ಲಿ ಹಲವು ಭಾಷೆಗಳಲ್ಲಿ ತೂಗುಹಾಕಲಾಯಿತು. ಅದು ಸಾಲದೆಂದು ಅದೇ ಫಲಕವನ್ನು ಕೈಯಲ್ಲಿ ಹಿಡಿದು ನಿಲ್ಲುವುದಕ್ಕೆಂದೇ ಜನರನ್ನು ನೇಮಿಸಲಾಯಿತು. 2024ರ ನವೆಂಬರ್‌ನಿಂದ ಕೆಲವು ಓಣಿಗಳಿಗೆ ಸಂಜೆ ಐದರಿಂದ ಬೆಳಿಗ್ಗೆ ಹತ್ತರವರೆಗೆ ಪ್ರವಾಸಿಗರು ಕಾಲಿಡುವಂತಿಲ್ಲ, ಮರುವರ್ಷದ ಮಾರ್ಚ್‌ನಿಂದ ತಪ್ಪಿದವರಿಗೆ 1 ಲಕ್ಷ ವೋನ್ ದಂಡ. ಹೀಗೆ ಜನವಸತಿಯೊಂದಕ್ಕೆ ಕಚೇರಿಯಂತೆ ತೆರೆಯುವ ಮತ್ತು ಮುಚ್ಚುವ ವೇಳೆ ನಿಗದಿಯಾಯಿತು.

ಬಾರ್ಸಿಲೋನಾದವರು ಇನ್ನೂ ಒಂದು ಹೆಜ್ಜೆ ಮುಂದೆ. ಗ್ಯೂಯೆಲ್ ಉದ್ಯಾನದ ಬಳಿಯ ನಿವಾಸಿಗಳಿಗೆ ತಮ್ಮದೇ 116ನೇ ಸಂಖ್ಯೆಯ ಪುಟ್ಟ ಬಸ್ಸಿನಲ್ಲಿ ನಿಲ್ಲಲೂ ಜಾಗ ಸಿಗದಂತಾದಾಗ, 2024ರಲ್ಲಿ ನಗರಾಡಳಿತವು ಆ ಮಾರ್ಗವನ್ನು ಗೂಗಲ್ ನಕ್ಷೆಯಿಂದಲೇ ತೆಗೆಸಿಬಿಟ್ಟಿತು. ಬಸ್ಸು ಓಡುತ್ತದೆ, ನಕ್ಷೆಯಲ್ಲಿ ಮಾತ್ರ ಇಲ್ಲ. ಅದೇ ವರ್ಷ ಅಲ್ಲಿನ ಮೇಯರ್, ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟಿರುವ ಸುಮಾರು 10,000 ಮನೆಗಳ ಪರವಾನಗಿಯನ್ನು 2028ರ ವೇಳೆಗೆ ಕೊನೆಗೊಳಿಸುವುದಾಗಿಯೂ ಸಾರಿದರು. ಪ್ರವಾಸಿಗರಲ್ಲಿ ಗೌರವಸ್ಥರು ಇದನ್ನು ತುಂಬು ಮನಸ್ಸಿನಿಂದ ಬೆಂಬಲಿಸುತ್ತಾರೆ, ಏಕೆಂದರೆ ಉಳಿದ ಪ್ರವಾಸಿಗರ ಕಾಟ ಅವರಿಗೂ ಸಾಕಾಗಿದೆ.

ನನ್ನ ಕಟ್ಟಡದ ವಿಷಯಕ್ಕೆ ಬರುತ್ತೇನೆ. ಬಾಗಿಲ ಬಳಿ ಎಂಟು ಕರೆಗಂಟೆಗಳಿದ್ದವು. ಏಳಕ್ಕೆ ಬರಿಯ ಸಂಖ್ಯೆ, ಒಂದಕ್ಕೆ ಮಾತ್ರ ಮಾಸಿದ ಶಾಯಿಯಲ್ಲಿ ಮನುಷ್ಯರ ಹೆಸರು. ಆ ಮನೆಯಲ್ಲಿದ್ದ ಅಜ್ಜಿಯನ್ನು ಮೆಟ್ಟಿಲ ಮೇಲೆ ಕಂಡು ನಮಸ್ಕರಿಸಿದೆ. ಆಕೆ ನನ್ನ ಹೆಸರು ಕೇಳಲಿಲ್ಲ, ಎಷ್ಟು ದಿನ ಎಂದಷ್ಟೇ ಕೇಳಿದರು. ನಾಲ್ಕು ಎಂದೆ. ಹಿಂದಿನವರು ಮೂರೇ ಇದ್ದರೆಂದು ಹೇಳಿ ಒಳಗೆ ಹೋದರು.

ಅಲ್ಲಿದ್ದಷ್ಟು ದಿನವೂ ನನಗೆ ಒಂದೇ ತೊಂದರೆ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಆಕೆ ತಗಡಿನ ಡಬ್ಬಿಯಲ್ಲಿ ನೀರು ಹಿಡಿದು ಬಾಲ್ಕನಿಯ ಕುಂಡಗಳಿಗೆ ಹಾಕುತ್ತಿದ್ದರು. ಆ ಟಣಟಣ ಸದ್ದಿಗೆ ನನ್ನ ನಿದ್ರೆ ಹಾರಿಹೋಗುತ್ತಿತ್ತು. ಪ್ರಶಾಂತ ಬಡಾವಣೆಯೆಂದು ದುಡ್ಡು ತೆತ್ತವನಿಗೆ ಇದನ್ನು ಕೇಳುವ ಹಕ್ಕಿದೆಯೆಂದು ಮಾಲೀಕರಿಗೆ ದೂರು ಬರೆದೆ. ಹತ್ತೇ ನಿಮಿಷದಲ್ಲಿ ಉತ್ತರ ಬಂತು: ‘ಸರ್, ಅನಾನುಕೂಲಕ್ಕೆ ಕ್ಷಮೆಯಿರಲಿ. ಮುಂದಿನ ತಿಂಗಳಿನಿಂದ ಈ ಸದ್ದು ಇರುವುದಿಲ್ಲ, ಆ ಮನೆಯನ್ನೂ ನಾವೇ ತೆಗೆದುಕೊಂಡಿದ್ದೇವೆ.’