ಜಾತ್ರೆ ಸುತ್ತಿದರೆ ಕನ್ನಡ ಬರುತ್ತದಾ? ಒಂದು ಸ್ಪಷ್ಟನೆ

ದಾವಣಗೆರೆಗೆ ಬಂದ ಹೊರಗಿನವರು ದುಗ್ಗಮ್ಮನ ಜಾತ್ರೆ, ಮದುವೆ, ಗಣಪತಿ ಅಂತ ಓಡಾಡಿದರೆ ಸಾಕು, 30 ದಿನಕ್ಕೆ ಕನ್ನಡ ಬರುತ್ತದೆ, ಕ್ಲಾಸು ಬೇಡ ಅಂತ ಮೆಸೇಜೊಂದು ಹರಿದಾಡುತ್ತಿದೆ. ಅರ್ಧ ನಿಜ, ಅಷ್ಟೇ. ಮೊದಲಿಗೆ, ದುಗ್ಗಮ್ಮನ ಜಾತ್ರೆ ನಡೆಯುವುದೇ ಎರಡು ವರ್ಷಕ್ಕೊಮ್ಮೆ! ಇನ್ನು ಸುಮ್ನೆ ಮೂಲೆಯಲ್ಲಿ ನಿಂತು ಮಂಡಕ್ಕಿ ಮಿರ್ಚಿ ತಿಂದರೆ ಬರುವುದು ಎದೆಯುರಿ, ಭಾಷೆಯಲ್ಲ. ಸಾರಿನ ಬಕೆಟ್ ಹಿಡಿದು ಪಂಕ್ತಿಯಲ್ಲಿ ಬಡಿಸಿ ನೋಡಿ: 'ಸಾಕು', 'ಇನ್ನೊಂಚೂರು ಹಾಕ್ರಿ', 'ಅನ್ನ ಬರ್ಲಿ' ಎಲ್ಲವೂ ಒಂದೇ ಊಟಕ್ಕೆ ಕಿವಿಗೆ ಕೂರುತ್ತವೆ, ಹೊರಡುವವರು 'ಹೋಗ್ತೀನಿ' ಅನ್ನದೆ 'ಬರ್ತೀನಿ' ಅನ್ನುವುದೂ ಗೊತ್ತಾಗುತ್ತದೆ. ಆದರೆ ಬಸ್ ಬೋರ್ಡ್ ಓದಲು ಅಕ್ಷರ ಬೇಕು, ಒತ್ತಕ್ಷರವನ್ನು ಯಾವ ಪಂಕ್ತಿಯಲ್ಲೂ ಬಡಿಸುವುದಿಲ್ಲ ಅಲ್ವಾ? ಹಾಗಾಗಿ ಕ್ಲಾಸು ಬಿಡಬೇಡಿ. ಮೆಸೇಜ್ ಕಳಿಸುವವರು ಆ 30 ದಿನದ ಸಾಲನ್ನು ತೆಗೆದು ಕಳಿಸಿ.